ದಶಮಾಂಶ ಸಾಹೇಬರ ಪ್ಯಾಂಟು ಸಡಿಲವಾದದ್ದು

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಸಂಬಳದ ಚೀಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಪೇಟೆಯವರ ಬಾಯಲ್ಲಿ ಅವರು ದಶಮಾಂಶ ಸಾಹೇಬರು. ಕಿಲೋ ಸಕ್ಕರೆಯ ಪೊಟ್ಟಣದಲ್ಲಿ ಎರಡು ಗ್ರಾಂ ಕಡಿಮೆಯಿದ್ದರೆ, "ಆ ಎರಡು ಗ್ರಾಂ ಎಲ್ಲಿಗೆ ಹೋಯ್ತು?" ಎಂದು ಸಂತೆಯಲ್ಲಿ ಕಳೆದುಹೋದ ಮಗುವನ್ನು ಹುಡುಕುವವರ ಕಳಕಳಿಯಿಂದ ಕೇಳುತ್ತಿದ್ದರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದೇ ಒಂದು ಸುಳ್ಳು ತಕ್ಕಡಿಗೂ ಅವರು ಮುದ್ರೆ ಒತ್ತಿರಲಿಲ್ಲ. ಊರಿನಲ್ಲಿರುವುದನ್ನೆಲ್ಲ ತೂಗಿದ ಈ ಮನುಷ್ಯ ತೂಗದೆ ಬಿಟ್ಟದ್ದು ಒಂದನ್ನು ಮಾತ್ರ. ಅದು ತಮ್ಮನ್ನೇ.

ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಾಹೇಬರು ಕಿರಾಣಿ ಅಂಗಡಿಯೊಂದಕ್ಕೆ ತಪಾಸಣೆಗೆ ಹೋದರು. ಅಂಗಡಿಯವನು ಹೊಸ ತಕ್ಕಡಿ ತಂದಿದ್ದ. ಸಾಹೇಬರು ತಮ್ಮ ಪೆಟ್ಟಿಗೆಯಿಂದ ಐದು ಕಿಲೋದ ಕಲ್ಲನ್ನು ತೆಗೆದು ತಟ್ಟೆಯ ಮೇಲಿಟ್ಟರು. ಕೆಂಪು ಅಂಕಿಗಳು ತೀರಾ ಚಿಕ್ಕವು, ಕನ್ನಡಕ ಹಳೆಯದು. ಬಗ್ಗಿ ನೋಡಿದರು. ಏಳು ಕಿಲೋ ಮುನ್ನೂರ ನಲವತ್ತು ಗ್ರಾಂ.

ಸಾಹೇಬರ ಹುಬ್ಬು ಮೇಲೇರಿತು. ನೆಟ್ಟಗೆ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮತ್ತೆ ಬಗ್ಗಿ ಗಟ್ಟಿಯಾಗಿ ಓದಿದರು. ಈಗ ಏಳು ಕಿಲೋ ಮುನ್ನೂರ ಎಂಬತ್ತು.

"ನಾನು ಇಷ್ಟು ವರ್ಷ ಮೋಸದ ತಕ್ಕಡಿ ನೋಡಿದೀನಿ ಕಣಯ್ಯ. ಆದ್ರೆ ಇಷ್ಟು ಧೈರ್ಯವಾಗಿ ಮೋಸ ಮಾಡೋ ತಕ್ಕಡಿ ನೋಡಿರ್ಲಿಲ್ಲ. ಗಳಿಗೆಗೊಂದು ಲೆಕ್ಕ ಹೇಳ್ತಿದೆ! ಇದನ್ನ ಈಗ್ಲೇ ಜಪ್ತಿ ಮಾಡ್ತೀನಿ."

ಅಂಗಡಿಯವನು ಕೈ ಹೊಸೆದುಕೊಂಡ. ಅತ್ತ ಇತ್ತ ನೋಡಿದ. ಗಿರಾಕಿಗಳು ಏಳೆಂಟು ಮಂದಿ ನಿಂತಿದ್ದರು. ಕೊನೆಗೆ ತಗ್ಗಿದ ದನಿಯಲ್ಲಿ, "ಸಾಹೇಬ್ರೇ, ತಪ್ಪು ತಿಳ್ಕೋಬೇಡಿ. ತಮ್ಮ ಹೊಟ್ಟೆ ಸ್ವಲ್ಪ ಆಚೆ ತಗೊಂಡ್ರೆ ತಕ್ಕಡಿ ಸರಿಯಾಗೇ ಹೇಳುತ್ತೆ" ಎಂದ.

ಸಾಹೇಬರು ಕೆಳಗೆ ನೋಡಿದರು. ಅವರ ಹೊಟ್ಟೆ ಐದು ಕಿಲೋದ ಕಲ್ಲಿನ ಪಕ್ಕದಲ್ಲಿ, ತಟ್ಟೆಯ ಅಂಚಿನ ಮೇಲೆ, ಮಧ್ಯಾಹ್ನದ ನಿದ್ದೆಗೆ ಒರಗಿದಂತೆ ನೆಮ್ಮದಿಯಾಗಿ ಒರಗಿತ್ತು.

ಚೀಲ ಹಿಡಿದಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ, "ಎರಡು ಕಿಲೋ ಮುನ್ನೂರ ಎಂಬತ್ತು ಅಂತೆ ಕಣೆ, ಅದೂ ಬರೀ ಮುಂದಿನ ಭಾಗ!" ಎಂದಳು. ಆಮೇಲೆ ಅಂಗಡಿಯಲ್ಲಿ ಎದ್ದ ನಗುವನ್ನು ಯಾರಿಂದಲೂ ತಡೆಯಲಾಗಲಿಲ್ಲ.

ಸುದ್ದಿ ಸಾಹೇಬರಿಗಿಂತ ಮುಂಚೆ ಮನೆ ಸೇರಿತ್ತು. ಹೆಂಡತಿ ಬಾಗಿಲು ತೆರೆದವರೇ ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು, "ಕಾಲು ತೊಳ್ಕೊಳ್ಳಿ" ಎಂದಷ್ಟೇ ಹೇಳಿ ಒಳಗೆ ಓಡಿದರು. ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು, ಅದರ ಜೊತೆಗೆ ಬೇರೆ ಒಂದು ಸದ್ದು ಕೇಳಿಸಿತು. ಹಜಾರದಲ್ಲಿ ಹೆಂಡತಿಯ ತಮ್ಮ ಕೂತಿದ್ದ. ಅವನ ಕಸುಬು ಆಸ್ಪತ್ರೆಗಳಿಗೆ ಮಂಚ ಮಾರುವುದು. ಹಾಗಾಗಿ ವೈದ್ಯಶಾಸ್ತ್ರದಲ್ಲಿ ಅವನಿಗೆ ತಿಳಿಯದ್ದು ಏನೂ ಇರಲಿಲ್ಲ.

"ಭಾವ, ಇದಕ್ಕೆಲ್ಲ ಈಗ ಯಾರು ತಲೆ ಕೆಡಿಸ್ಕೋತಾರೆ? ಇಲ್ಲೊಂದು ಸಣ್ಣ ತೂತು, ಒಳಗೊಂದು ಕೊಳವೆ, ಆ ಕಡೆ ಒಂದು ಪಂಪು. ಕೊಬ್ಬನ್ನ ಹೀಗೆ ಎಳ್ಕೊಂಡ್ಬಿಡ್ತಾರೆ." ಹೇಗೆ ಎಂದು ತೋರಿಸಲು ಅವನು ಕೈಯಲ್ಲಿದ್ದ ಹಣ್ಣಿನ ರಸದ ಲೋಟಕ್ಕೆ ನಳಿಕೆ ಇಟ್ಟು, ತಳದಲ್ಲಿ ಉಳಿದದ್ದನ್ನು ಸುರ್ರ್ ಎಂದು ಜೋರಾಗಿ ಎಳೆದ.

ಸಾಹೇಬರು ಗೋಡೆಗೆ ಒರಗಿದರು. ಒರಗಿದವರು ಹಾಗೇ ಜಾರಿ ನೆಲಕ್ಕೆ ಬಂದರು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಅವರು ಮೊದಲು ಆಡಿದ ಮಾತು, "ಕತ್ತಿ, ತೂತು, ಪಂಪು ಇಲ್ದೇ ಆಗೋದು ಏನಾದ್ರೂ ಇದ್ಯಾ?"

"ಇದೆ ಭಾವ. ಚಳಿ ಕೊಡ್ತಾರೆ."

ಆ ಚಿಕಿತ್ಸಾಲಯ ಪೀಠೋಪಕರಣದ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿತ್ತು. ಗೋಡೆ ಬಿಳಿ, ಪರದೆ ಬಿಳಿ, ಮೇಜಿನ ಮೇಲಿನ ಹೂವು ಕೂಡ ಬಿಳಿ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನೇರ. ಸಾಹೇಬರನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಚಳಿಯಿಂದ ಕೊಬ್ಬಿನ ಕಣವನ್ನು ಹೆಪ್ಪುಗಟ್ಟಿಸಿ ಸಾಯಿಸುವ ವಿಧಾನವಿದೆ. ಬಿಸಿಯಿಂದ ಮಾಡುವುದಿದೆ. ಕಿವಿಗೆ ಕೇಳಿಸದ ಶಬ್ದದ ಅಲೆಯಿಂದ ಒಡೆಯುವುದಿದೆ. ಗಲ್ಲದ ಕೆಳಗಿನ ಸಣ್ಣ ಚೀಲಕ್ಕೆ ಸೂಜಿಮದ್ದೂ ಇದೆ. ಯಾವುದಕ್ಕೂ ಕತ್ತಿ ಬೇಡ.

"ಇದರಲ್ಲಿ ಮುದ್ರೆ ಬಿದ್ದಿರೋದು ಯಾವ್ದು?" ಎಂದು ಕೇಳಿದರು ಸಾಹೇಬರು.

"ಎಲ್ಲಕ್ಕೂ ಅನುಮತಿ ಇದೆ ಸರ್. ಆದ್ರೆ ಒಂದು ವಿಷ್ಯ ಸರಿಯಾಗಿ ಕೇಳಿಸ್ಕೊಳ್ಳಿ. ಇದು ತೂಕ ಇಳಿಸೋಕಲ್ಲ. ಕೈಗೆ ಹಿಡಿಯೋಕೆ ಸಿಗೋ ಕೊಬ್ಬಲ್ಲಿ ಒಂದು ಪದರ ಕಡಿಮೆ ಆಗುತ್ತೆ, ಅಷ್ಟೇ. ಐದರಲ್ಲಿ ಒಂದು ಭಾಗ ಹೋದ್ರೆ ಅದೇ ಹೆಚ್ಚು. ಅದೂ ಎರಡು ಮೂರು ತಿಂಗಳು ಹಿಡಿಯುತ್ತೆ. ಜೊತೆಗೆ ನೀವು ದಿನಾ ನಡೀಬೇಕು, ಊಟ ನೋಡ್ಕೋಬೇಕು."

ಈ ಇಡೀ ಮಾತಿನಲ್ಲಿ ಸಾಹೇಬರ ಕಿವಿಯೊಳಗೆ ಹೋದದ್ದು ಕೊಬ್ಬು, ಕಡಿಮೆ, ಆಗುತ್ತೆ ಎಂಬ ಮೂರೇ ಪದ. ಉಳಿದವು ಬಾಗಿಲಲ್ಲೇ ನಿಂತವು.

ಡಾಕ್ಟರು ಟೇಪು ಹಿಡಿದು ಸೊಂಟದ ಅಳತೆ ತೆಗೆದರು. ನೂರ ಹನ್ನೆರಡು ಸೆಂಟಿಮೀಟರು. ಕಾರ್ಡಿನಲ್ಲಿ ಬರೆದರು. ಆಮೇಲೆ ಸಾಹೇಬರನ್ನು ಮಲಗಿಸಿ, ಹೊಟ್ಟೆಯ ಮೇಲೆ ಒದ್ದೆ ಹಾಳೆಯಂಥದ್ದೊಂದನ್ನು ಹೊದಿಸಿ, ಅದರ ಮೇಲೆ ಯಂತ್ರದ ಬಟ್ಟಲು ಇಟ್ಟರು. ಬಟ್ಟಲು ಹೊಟ್ಟೆಯನ್ನು ಒಂದು ಮುಷ್ಟಿಯಷ್ಟು ಒಳಕ್ಕೆ ಎಳೆದುಕೊಂಡಿತು. ಮೊದಲು ಚಳಿ. ಆಮೇಲೆ ಇನ್ನೂ ಚಳಿ. ಹತ್ತು ನಿಮಿಷದ ಮೇಲೆ ಚಳಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅದು ರಜೆ ಚೀಟಿ ಬರೆದಿಟ್ಟು ಎಲ್ಲಿಗೋ ಹೋದಂತಿತ್ತು. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಪರದೆ ಅಲ್ಲಾಡುತ್ತಿತ್ತು. ಸಾಹೇಬರು ನಿದ್ದೆಹೋದರು.

ಕನಸಿನಲ್ಲಿ ಅವರು ಪೇಟೆಯ ಮೇಲೆ ತೇಲುತ್ತಿದ್ದರು. ಕೆಳಗೆ ಅಂಗಡಿಯವರೆಲ್ಲ ಕತ್ತೆತ್ತಿ, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಸಾಹೇಬರು ಒಣಗಿದ ಎಲೆ ಇಳಿದಂತೆ ಮೆಲ್ಲಗೆ ಇಳಿದು ಒಂದು ದೊಡ್ಡ ತಕ್ಕಡಿಯ ತಟ್ಟೆಯ ಮೇಲೆ ಕೂತರು. ಮುಳ್ಳು ಅಲ್ಲಾಡಲಿಲ್ಲ. "ಉಳಿದದ್ದು ಎಲ್ಲಿ?" ಎಂದು ತಾವೇ ಕೇಳಿದರು. ಅಷ್ಟರಲ್ಲಿ ಡಾಕ್ಟರು ಹೊಟ್ಟೆ ತಿಕ್ಕಿ ಎಬ್ಬಿಸಿದರು.

ಮರುದಿನದಿಂದ ಸಾಹೇಬರು ಕಾಯತೊಡಗಿದರು. ಬೆಳಿಗ್ಗೆ ಎಂಟಕ್ಕೆ ಕೋಣೆಯ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅದಕ್ಕೆ ಅಡ್ಡಲಾಗಿ ಓರೆಯಾಗಿ ನಿಂತು, ಗೋಡೆಯ ಮೇಲೆ ಬಿದ್ದ ಹೊಟ್ಟೆಯ ನೆರಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಒಂದು ದಿನ ನೆರಳು ಗೆರೆಯ ಒಳಗೆ ಬಂದರೆ ಹಾಡು ಗುನುಗುವರು. ಮರುದಿನ ಆಚೆ ಹೋದರೆ ತಿಂಡಿ ಬಿಡುವರು. ನೆರಳು ಸೂರ್ಯನ ಮಾತು ಕೇಳುತ್ತದೆಯೇ ಹೊರತು ಡಾಕ್ಟರ ಮಾತನ್ನಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಹತ್ತು ದಿನಕ್ಕೆ ಗೋಡೆಯ ಮೇಲೆ ಹತ್ತು ಹೊಟ್ಟೆಗಳಾದವು. ಸಾಹೇಬರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿಯಲ್ಲಿ ಹೋಗುವ ತೆಳ್ಳಗಿನವರನ್ನೆಲ್ಲ ನೋಡುತ್ತ ಉಸಿರು ಬಿಡತೊಡಗಿದರು.

ಹನ್ನೊಂದನೆಯ ದಿನ, ಭಾನುವಾರ, ತರಕಾರಿಯವಳು ಸಾಹೇಬರ ಹೆಂಡತಿಯನ್ನು ಬೀದಿಯಲ್ಲೇ ತಡೆದು ನಿಲ್ಲಿಸಿದಳು.

"ಅಮ್ಮಾ, ಸಾಹೇಬ್ರಿಗೆ ಮೈ ಹುಷಾರಿಲ್ವಾ? ನಿನ್ನೆ ನನ್ನ ತಕ್ಕಡೀಲಿ ಹತ್ತು ಗ್ರಾಂ ಕಡಿಮೆ ಬಂತು. 'ಇರ್ಲಿ ಬಿಡು' ಅಂದ್ಬಿಟ್ರು. ನಂಗೆ ಕೈಕಾಲೇ ಆಡ್ಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ಹೆಂಡತಿ ಮನೆಗೆ ಬಂದವರೇ ಗಂಡನ ಮೂರೂ ಆಫೀಸು ಪ್ಯಾಂಟುಗಳನ್ನು ಚೀಲಕ್ಕೆ ತುಂಬಿಕೊಂಡು ಓಣಿಯ ತುದಿಯ ದರ್ಜಿಯ ಹತ್ತಿರ ಹೋದರು.

"ಸೊಂಟದಲ್ಲಿ ಅರ್ಧ ಇಂಚು ಬಿಚ್ಚಬೇಕು ಕಣಪ್ಪ. ಅವರಿಗೆ ಗೊತ್ತಾಗ್ಬಾರ್ದು."

ದರ್ಜಿ ಕತ್ತರಿ ಕೆಳಗಿಟ್ಟ. "ಅಮ್ಮಾ, ವರ್ಷಕ್ಕೊಂದ್ಸಲ ನನ್ನ ಟೇಪು ನೋಡಿ ಸರಿ ಇದೆ ಅಂತ ಹೇಳೋರು ಅವ್ರೇ. ಅವ್ರಿಗೇ ಸುಳ್ಳು ಅಳತೆ ಹೊಲೀಲಾ?"

"ಸುಳ್ಳಲ್ಲಪ್ಪ, ಸಮಾಧಾನ. ಅರ್ಧ ಇಂಚು ಸಮಾಧಾನ ಬಿಚ್ಚು, ಸಾಕು."

ಸೋಮವಾರ ಬೆಳಿಗ್ಗೆ ಸಾಹೇಬರು ಪ್ಯಾಂಟು ಏರಿಸಿ ಗುಂಡಿ ಹಾಕಿಕೊಂಡರು. ಪ್ರತಿದಿನ ಈ ಕೆಲಸಕ್ಕೆ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಗೋಡೆ ಹಿಡಿಯಬೇಕಿತ್ತು. ಈವತ್ತು ಗುಂಡಿ ತಾನಾಗಿ ಹೋಗಿ ಕೂತಿತು. ಸಾಹೇಬರು ಉಸಿರು ಬಿಟ್ಟರು. ಏನೂ ಆಗಲಿಲ್ಲ. ಒಂದು ಬೆರಳು ತೂರಿಸಿದರು. ಬೆರಳು ಹೋಯಿತು.

"ಏ, ಇಲ್ಲಿ ಬಾ!" ಎಂದು ಕೂಗಿದರು. "ನೋಡು! ಬೆರಳು! ಪೂರಾ ಬೆರಳು!"

"ಅಯ್ಯೋ ಹೌದಲ್ರೀ!" ಎಂದರು ಹೆಂಡತಿ. ಕಣ್ಣಲ್ಲಿ ನೀರು ಬಂದಂತೆ ಕಂಡಿತು. ಯಾಕೆಂದು ಸಾಹೇಬರು ವಿಚಾರಿಸಲಿಲ್ಲ.

ಅಂದಿನಿಂದ ಸಾಹೇಬರು ನೆಲದ ಮೇಲೆ ನಡೆದರು ಎನ್ನುವುದು ಮಾತಿಗೆ ಮಾತ್ರ. ಬೀದಿಯಲ್ಲಿ ಅವರು ಹೋಗುತ್ತಿದ್ದರೆ ಗಾಳಿಯೇ ಎತ್ತಿಕೊಂಡು ಹೋಗುತ್ತಿದೆಯೇನೋ ಎನಿಸುತ್ತಿತ್ತು. ಬಿಸಿಲು ಮೃದುವಾಯಿತು. ಬಸ್ಸಿನ ಹಾರನ್ನು ಇಂಪಾಯಿತು. ಆಫೀಸಿನ ಮೆಟ್ಟಿಲು ಮೂವತ್ತಾರರಿಂದ ಇಪ್ಪತ್ತಕ್ಕೆ ಇಳಿದಂತಾಯಿತು. ಸಾಹೇಬರು ನಡುನಡುವೆ ನಿಂತು, ಎಡಗೈಯಲ್ಲಿ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಅದನ್ನು ಯಾರೂ ನೋಡದಿದ್ದರೆ, ನೋಡುವವರು ಬರುವವರೆಗೆ ಕಾದು ಇನ್ನೊಮ್ಮೆ ಎಳೆದುಕೊಳ್ಳುತ್ತಿದ್ದರು. ಹೆಂಡತಿ ಹೇಗೂ ಶುರು ಮಾಡಿಯಾಗಿತ್ತು, ಎರಡನೆಯ ವಾರ ಇನ್ನರ್ಧ ಇಂಚು ಬಿಚ್ಚಿಸಿದರು. ಮೂರನೆಯ ವಾರ ಮತ್ತಷ್ಟು. ಖುಷಿಯಲ್ಲಿ ಸಾಹೇಬರಿಗೆ ಹಸಿವು ಹೆಚ್ಚಿತು. ತಟ್ಟೆ ಖಾಲಿಯಾಗುತ್ತಲೇ, "ಇನ್ನೊಂದ್ಸಲ ಬಡಿಸು, ಹೇಗೂ ಜಾಗ ಇದೆ" ಎನ್ನುತ್ತಿದ್ದರು.

ಆಫೀಸಿನಲ್ಲಿ ಮೊದಲು ಇದನ್ನು ಕಂಡುಹಿಡಿದದ್ದು ಟೈಪಿಸ್ಟು. ಮಧ್ಯಾಹ್ನದ ಹೊತ್ತಿಗೆ ಇಡೀ ಕಚೇರಿ ಸಾಹೇಬರ ಮೇಜಿನ ಸುತ್ತ ಸೇರಿತು. ಸಾಹೇಬರು ಎದ್ದು ನಿಂತು ಸೊಂಟದಲ್ಲಿ ನಾಲ್ಕು ಬೆರಳು ತೂರಿಸಿ ತೋರಿಸಿದರು. ಕೊನೆಗೆ ದೊಡ್ಡ ಸಾಹೇಬರೇ ತಮ್ಮ ಕೋಣೆಯಿಂದ ಹೊರಗೆ ಬಂದರು. ಅವರ ಹೊಟ್ಟೆ ಹುದ್ದೆಗೆ ತಕ್ಕಂತೆ ಇನ್ನೂ ದೊಡ್ಡದು.

"ಎಷ್ಟು ದಿನ ಹಿಡೀತ್ರೀ?"

"ಎರಡು ವಾರ ಸರ್."

"ನೋವು?"

"ನಿದ್ದೆ ಬಂತು ಸರ್."

ದೊಡ್ಡ ಸಾಹೇಬರು ಅಲ್ಲೇ ವಿಳಾಸ ಬರೆದುಕೊಂಡರು. ಅವರು ಚಿಕಿತ್ಸಾಲಯಕ್ಕೆ ಹೋದ ಮೇಲೆ ಉಳಿದವರೂ ಹೊರಟರು. ಇಲಾಖೆಯಲ್ಲಿ ಮೇಲಿನವರನ್ನು ಕೆಳಗಿನವರು ಹಿಂಬಾಲಿಸುವುದು ವಾಡಿಕೆ. ಸಾಹೇಬರ ಮನೆಯ ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಟೀಚರ್ ಕೂಡ ಗಲ್ಲದ ಕೆಳಗೆ ಕೈಯಾಡಿಸಿಕೊಳ್ಳುತ್ತ ಬಂದು ವಿಳಾಸ ಕೇಳಿದರು.

ಐದನೆಯ ವಾರ ಡಾಕ್ಟರಿಂದ ಫೋನು ಬಂತು.

"ಸರ್, ಒಂದ್ಸಲ ಬಂದು ಹೋಗಿ. ನಿಮ್ಮ ಆಫೀಸಿಂದ ಏಳು ಜನ ಬಂದಿದಾರೆ. ಎರಡು ವಾರದಲ್ಲಿ ಪ್ಯಾಂಟು ಜಾರ್ಬೇಕು ಅಂತ ಹಟ ಹಿಡಿದಿದಾರೆ. ಆಗಲ್ಲ ಅಂದ್ರೆ ನಿಮ್ಮ ಹೆಸ್ರು ಹೇಳ್ತಾರೆ. ಒಬ್ರಂತೂ, ಹೊಟ್ಟೆ ಹಾಗೇ ಇದ್ರೂ ಪರವಾಗಿಲ್ಲ, ಪ್ಯಾಂಟು ಜಾರಿದ್ರೆ ಸಾಕು ಅಂದ್ರು."

ಸಾಹೇಬರು ಹಾರವೊಂದು ಕಾಯುತ್ತಿದೆಯೇನೋ ಎಂಬ ಗತ್ತಿನಲ್ಲಿ ಹೋದರು. ಡಾಕ್ಟರು ಟೇಪು ಸುತ್ತಿದರು. ನೋಡಿದರು. ಇನ್ನೊಮ್ಮೆ ಸುತ್ತಿದರು.

"ನೂರ ಹದಿನಾಲ್ಕು."

"ಮಿಲಿಮೀಟರಾ?"

"ಸೆಂಟಿಮೀಟರು ಸರ್. ಎರಡು ಜಾಸ್ತಿ ಆಗಿದೆ."

ಸಾಹೇಬರ ಮುಖದಲ್ಲಿ ಇಪ್ಪತ್ತೆರಡು ವರ್ಷದ ಸೇವೆ ಎದ್ದು ಕೂತಿತು.

"ಡಾಕ್ಟ್ರೇ, ಆ ಟೇಪು ಇಲ್ಲಿ ಕೊಡಿ."

ಟೇಪು ಜಪ್ತಿಯಾಯಿತು. ಡಾಕ್ಟರು ತಡೆಯಲಿಲ್ಲ. ಸಾಹೇಬರು ರಸೀದಿ ಬರೆದುಕೊಟ್ಟು, ಟೇಪನ್ನು ಲಕೋಟೆಯಲ್ಲಿಟ್ಟು ಅರಗು ಒತ್ತಿ ನೇರ ಕಚೇರಿಗೆ ಬಂದರು. ಅಲ್ಲಿ ಒಳಗಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮಕಮಲ್ಲಿನ ಮೇಲೆ ಹಿತ್ತಾಳೆಯ ಮೀಟರು ಪಟ್ಟಿ ಮಲಗಿತ್ತು. ಊರಿನ ಎಲ್ಲ ಉದ್ದಗಳಿಗೂ ಅದೇ ಮೂಲ. ಸಾಹೇಬರು ಕೈಗವಸು ತೊಟ್ಟು ಟೇಪನ್ನು ಪಟ್ಟಿಯ ಪಕ್ಕದಲ್ಲಿ ಹಾಸಿದರು. ತಲೆ ಬಗ್ಗಿಸಿ ಒಂದೊಂದು ಗೆರೆಯನ್ನೂ ಭೂತಗನ್ನಡಿಯಲ್ಲಿ ನೋಡಿದರು.

ಟೇಪು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಸಾಹೇಬರು ಭೂತಗನ್ನಡಿ ಕೆಳಗಿಟ್ಟರು. ಟೇಪು ಸರಿ. ಹೊಟ್ಟೆ ತಾನೇ ಸಾಕ್ಷಿ, ಅದು ಸುಳ್ಳು ಹೇಳಲಾರದು. ಉಳಿದದ್ದು ಪ್ಯಾಂಟು. ಸಾಹೇಬರು ಬಾಗಿಲ ಚಿಲಕ ಹಾಕಿ, ಪ್ಯಾಂಟು ಬಿಚ್ಚಿ ಹೊಲಿಗೆ ತಿರುಗಿಸಿ ನೋಡಿದರು. ಹಿಂಬದಿಯ ಹೊಲಿಗೆಯಲ್ಲಿ ಹಳೆಯ ದಾರದ ತೂತುಗಳು ಸಾಲಾಗಿ ಕಂಡವು. ಅದರ ಪಕ್ಕ ಇನ್ನೊಂದು ಸಾಲು. ಅದರ ಪಕ್ಕ ಮತ್ತೊಂದು.

ಸಂಜೆ ದರ್ಜಿಯ ಅಂಗಡಿಯಲ್ಲಿ ವಿಚಾರಣೆ ನಡೆಯಿತು. ದರ್ಜಿ ಒಂದು ಪ್ರಶ್ನೆಯನ್ನೂ ಕೇಳಿಸಿಕೊಳ್ಳಲಿಲ್ಲ. ಸಾಹೇಬರು ಹೊಸ್ತಿಲು ದಾಟುವ ಮೊದಲೇ, "ನಂದೇನೂ ತಪ್ಪಿಲ್ಲ ಸಾಹೇಬ್ರೇ, ಅಮ್ಮಾವ್ರು ಹೇಳಿದ್ದು!" ಎಂದು ಕೂಗಿಬಿಟ್ಟ.

"ಎಷ್ಟು ಬಿಚ್ಚಿದೀಯ?"

"ಒಟ್ಟು ಎರಡಿಂಚು. ಇನ್ನು ಬಿಚ್ಚೋಕಾಗಲ್ಲ. ಒಳಗಿದ್ದ ಬಟ್ಟೆ ಮುಗೀತು. ಇನ್ನೊಂದು ಕಾಲಿಂಚು ಬಿಚ್ಚಿದ್ರೆ ಪ್ಯಾಂಟು ಎರಡು ತುಂಡಾಗುತ್ತೆ." ದರ್ಜಿ ದನಿ ತಗ್ಗಿಸಿದ. "ನಿನ್ನೆ ಅಮ್ಮಾವ್ರು ಬಂದಿದ್ರು. ಇದೇ ಮಾತು ಹೇಳಿದೆ. ಆ ಸ್ಟೂಲಿನ ಮೇಲೆ ಕೂತ್ಬಿಟ್ರು. 'ಹಾಗಾದ್ರೆ ಅವರು ಮತ್ತೆ ಕಿಟಕಿ ಹತ್ರ ಕೂತ್ಕೋತಾರಪ್ಪ' ಅಂದ್ರು. ಆಮೇಲೆ ಚೀಲ ತಗೊಂಡು ಎದ್ದು ಹೋದ್ರು."

ಸಾಹೇಬರು ಜೇಬಿನಿಂದ ನೋಟ್‌ಬುಕ್ಕು ತೆಗೆದಿದ್ದರು. ಪೆನ್ನು ಕೂಡ ತೆರೆದಿದ್ದರು. ಸ್ವಲ್ಪ ಹೊತ್ತು ಆ ಸ್ಟೂಲನ್ನೇ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, "ನಾನು ಇಲ್ಲಿಗೆ ಬಂದಿದ್ದು ಅವಳಿಗೆ ಹೇಳ್ಬೇಡ" ಎಂದು ಹೊರಟುಹೋದರು. ಪಾಪ, ದರ್ಜಿಯ ಹೊಟ್ಟೆಯಲ್ಲಿ ಈಗ ಎರಡು ಗುಟ್ಟುಗಳಾದವು.

ಮನೆಯಲ್ಲಿ ಹೆಂಡತಿ ಮರುದಿನದ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದರು. ತಲೆಯೆತ್ತದೆ ಕೇಳಿದರು, "ಈಗೀಗ ಹೇಗಿದೆ? ಸಡಿಲ... ಇನ್ನೂ ಇದೆಯಾ?"

"ಇದೆ" ಎಂದರು ಸಾಹೇಬರು. "ನಿನ್ನೆಗಿಂತ ಒಂದು ಕೂದಲೆಳೆ ಹೆಚ್ಚೇ ಸಡಿಲ."

ಹೆಂಡತಿಯ ಮುಖದಲ್ಲಿ ಮೊದಲು ಬೆರಗು, ಆಮೇಲೆ ದೀಪ ಹಚ್ಚಿದಂತೆ ನಗು ಬಂತು. ಆ ನಗುವನ್ನು ನೋಡಿದ ಮೇಲೆ ಸಾಹೇಬರಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಪ್ಯಾಂಟು ಇನ್ನು ದೊಡ್ಡದಾಗುವಂತಿಲ್ಲ. ಹಾಗಾದರೆ ಅದರೊಳಗಿನವರು ಸಣ್ಣಗಾಗಬೇಕು.

ಆಫೀಸಿನವರ ವಿಷಯಕ್ಕೆ ಸಾಹೇಬರು ಪ್ರಾಮಾಣಿಕವಾಗಿ ಒಂದು ಪ್ರಕಟಣೆ ಬರೆದು ಹಲಗೆಗೆ ಅಂಟಿಸಿದರು: "ನನ್ನ ಸೊಂಟದ ಬಗ್ಗೆ ನಾನು ಈ ಹಿಂದೆ ನೀಡಿದ ಮಾಹಿತಿ ದೋಷಪೂರ್ಣ. ದೋಷಕ್ಕೆ ಕಾರಣವಾದ ಉಪಕರಣ: ಪ್ಯಾಂಟು. ಡಾಕ್ಟರು ಹೇಳಿದ ಎರಡು ಮೂರು ತಿಂಗಳೇ ಸರಿ." ಯಾರೂ ನಂಬಲಿಲ್ಲ. ದೊಡ್ಡ ಸಾಹೇಬರು ಅದನ್ನು ಓದಿ, "ಇವರು ಎಷ್ಟು ವಿನಯವಂತರು ನೋಡಿ" ಎಂದು ಎಲ್ಲರೆದುರು ಹೊಗಳಿದರು.

ಅಂದಿನಿಂದ ಸಾಹೇಬರು ಬೆಳಿಗ್ಗೆ ಐದೂವರೆಗೆ ಏಳತೊಡಗಿದರು. "ಹಾಲಿನ ಕೇಂದ್ರಗಳ ತಪಾಸಣೆ" ಎಂದು ಹೆಂಡತಿಗೆ ಹೇಳಿ ಹೊರಟು, ಊರಾಚೆಯ ಕೆರೆಗೆ ಹೋಗುತ್ತಿದ್ದರು. ಆ ಹೊತ್ತಿಗೆ ಕೆರೆ ಮಂಜಿನಲ್ಲಿ ಕಾಣುತ್ತಲೇ ಇರಲಿಲ್ಲ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲು ಯಾವ ಇಲಾಖೆಗೂ ಆಗುತ್ತಿರಲಿಲ್ಲ. ದಂಡೆಯ ದಾರಿಯಲ್ಲಿ ಸಾಹೇಬರು ನಡೆಯುತ್ತಿದ್ದರು. ಎದುರಿನಿಂದ ಬರುವವರು ಮೊದಲು ಕೆಮ್ಮಾಗಿ, ಆಮೇಲೆ ನೆರಳಾಗಿ, ಆಮೇಲೆ ಮನುಷ್ಯರಾಗಿ, ಮತ್ತೆ ನೆರಳಾಗಿ ಹೋಗುತ್ತಿದ್ದರು. ಮೊದಲ ವಾರ ಅರ್ಧ ಸುತ್ತಿಗೇ ಏದುಸಿರು. ತಿಂಗಳಿಗೆ ಎರಡು ಸುತ್ತು. ಮನೆಯಲ್ಲಿ ಎರಡನೇ ಸಲ ಬಡಿಸಲು ಬಂದರೆ, "ಹಾಲಿನ ಕೇಂದ್ರದಲ್ಲಿ ಹಾಲು ಕುಡಿಸಿ ಕಳಿಸಿದ್ರು" ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಸಾಹೇಬರು ಸುಳ್ಳು ಹೇಳುವುದರಲ್ಲಿ ಇಷ್ಟು ಬೇಗ ಪಳಗುತ್ತಾರೆಂದು ಅವರಿಗೇ ಗೊತ್ತಿರಲಿಲ್ಲ.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ದಿನ ಒಗೆದ ಪ್ಯಾಂಟನ್ನು ಮಡಚುತ್ತ ಹೆಂಡತಿಗೆ ಒಂದು ನೆನಪು ಬಂದು ಕೈ ನಿಂತಿತು. ಹಿಂದಿನ ದಿನ ಬೆಳಿಗ್ಗೆ ಗಂಡ ತೊಟ್ಟ ಈ ಪ್ಯಾಂಟನ್ನು ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದರು. ಹೊಲಿಗೆ ತಿರುಗಿಸಿ ನೋಡಿದರು. ಹೊಸದಾಗಿ ಬಿಚ್ಚಿದ ಗುರುತಿಲ್ಲ. ಓಡುತ್ತ ದರ್ಜಿಯ ಹತ್ತಿರ ಹೋದರು.

"ನಾನು ಹೇಳ್ದೇ ಮತ್ತೆ ಬಿಚ್ಚಿದ್ಯಾ?"

"ಇಲ್ಲ ಅಮ್ಮಾ. ಬಟ್ಟೆ ಎಲ್ಲಿದೆ ಬಿಚ್ಚೋಕೆ?"

"ಮತ್ತೆ ಹೇಗೆ ಸಡಿಲ ಆಯ್ತು?"

ದರ್ಜಿ ಆಕಾಶ ನೋಡಿದ, ಕತ್ತರಿ ನೋಡಿದ, ಕೊನೆಗೆ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯತೊಡಗಿದ.

ಹೆಂಡತಿ ಮೆಟ್ಟಿಲು ಹತ್ತಿ ಟೀಚರ್ ಮನೆಗೆ ಹೋದರು. ಟೀಚರ್ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ಕೇಳಿ, "ಗಂಡಸ್ರು ಕಾರಣ ಇಲ್ದೇ ಸಣ್ಣ ಆಗೋದು ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಬಿಟ್ಟ ಸ್ಥಳ ತುಂಬಲು ಕೊಟ್ಟ ಅಭ್ಯಾಸ. ಹೆಂಡತಿ ಆ ಬಿಟ್ಟ ಸ್ಥಳವನ್ನು ಇದ್ದಬದ್ದ ಕಾಯಿಲೆಗಳಿಂದೆಲ್ಲ ತುಂಬಿಕೊಂಡು ಕೆಳಗೆ ಬಂದು ತಮ್ಮನಿಗೆ ಫೋನು ಮಾಡಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಸಾಹೇಬರು ಕೆರೆಯಿಂದ ಹಿಂತಿರುಗಿದಾಗ ಹಜಾರದ ನಡುವೆ ಆಸ್ಪತ್ರೆಯ ಮಂಚವೊಂದು ನಿಂತಿತ್ತು. ಭಾವಮೈದುನ ತಂದದ್ದು. ಸುತ್ತ ಅತ್ತೆ, ಚಿಕ್ಕಮ್ಮ, ಟೀಚರ್, ಮೂರು ಬುಟ್ಟಿ ಹಣ್ಣು. ಎಲ್ಲರೂ ಪಿಸುಮಾತಿನಲ್ಲಿದ್ದರು.

ಸಾಹೇಬರ ಮುಖ ಬಿಳಿಚಿತು. "ಯಾರಿಗೆ ಏನಾಯ್ತು?"

"ನಿಮ್ಗೇ ಕಣ್ರೀ!" ಎಂದು ಹೆಂಡತಿ ಅಳತೊಡಗಿದರು.

ಮಾತಾಡಲು ಬಿಡದೆ ಅವರನ್ನು ಮಂಚದ ಮೇಲೆ ಮಲಗಿಸಿದರು. ಭಾವಮೈದುನ ಹಿಡಿಕೆ ತಿರುಗಿಸಿದ. ಸಾಹೇಬರ ತಲೆ ಮೇಲೆ ಬಂತು. "ನೋಡಿ ಭಾವ, ಎಷ್ಟು ಮೃದುವಾಗಿ ಏಳುತ್ತೆ" ಎಂದ. ಇನ್ನೊಂದು ಹಿಡಿಕೆ ತಿರುಗಿಸಿದ. ಕಾಲು ಮೇಲೆ ಬಂತು. ಎರಡರ ನಡುವೆ ಸಾಹೇಬರು ಮಡಚಿಟ್ಟ ಕಾಗದದಂತೆ ಕಂಡರು. ಹಾಗೆ ಮಡಚಿಕೊಂಡಾಗಲೂ ಅವರ ಉಸಿರು ಸರಾಗವಾಗಿ ಆಡುತ್ತಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ. ಚಿಕ್ಕಮ್ಮ ಮಾತ್ರ, "ಅಯ್ಯೋ, ಮೊದಲಾಗಿದ್ರೆ ಹೀಗೆ ಮಡಚೋಕೇ ಆಗ್ತಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು.

ಮೆರವಣಿಗೆ ಚಿಕಿತ್ಸಾಲಯಕ್ಕೆ ಹೊರಟಿತು. ಡಾಕ್ಟರ ಆ ಬಿಳಿ ಕೋಣೆಯಲ್ಲಿ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಡಾಕ್ಟರು ನಾಡಿ ನೋಡಿದರು, ರಕ್ತದೊತ್ತಡ ನೋಡಿದರು. ಆಮೇಲೆ, ಇಲಾಖೆಯಿಂದ ವಾಪಸು ಬಂದಿದ್ದ ಟೇಪನ್ನು ಸೊಂಟಕ್ಕೆ ಸುತ್ತಿದರು.

"ನೂರ ಐದು. ತುಂಬಾ ಚೆನ್ನಾಗಿದ್ದೀರಿ ಸರ್."

"ಚೆನ್ನಾಗಿದಾರಾ?" ಹೆಂಡತಿ ಮುಂದೆ ಬಂದರು. "ಕಾರಣ ಇಲ್ದೇ ಕರಗಿ ಹೋಗ್ತಿದಾರೆ ಡಾಕ್ಟ್ರೇ!"

"ಕಾರಣ ಇಲ್ದೇ ಯಾಕಮ್ಮ? ನಾವು ಕೊಟ್ಟ ಚಳಿಗೆ ಮೂರು ತಿಂಗಳಾಯ್ತು. ಸ್ವಲ್ಪ ಅದ್ರಿಂದ. ಆದ್ರೆ ಅದೊಂದ್ರಿಂದ ಇಷ್ಟು ಆಗಲ್ಲ." ಡಾಕ್ಟರು ಸಾಹೇಬರ ಕಡೆ ತಿರುಗಿದರು. "ಸರ್, ದಿನಾ ನಡೀತಿದೀರಿ ತಾನೆ?"

ಸಾಹೇಬರು ಗೋಡೆಯ ಕಡೆ ನೋಡಿದರು. ಗೋಡೆ ನೆರವಿಗೆ ಬರಲಿಲ್ಲ.

"ದಿನಾ ಎರಡು ಸುತ್ತು. ಕೆರೆ."

"ಹಾಲಿನ ಕೇಂದ್ರ?" ಎಂದರು ಹೆಂಡತಿ.

"ಇಲ್ಲ."

"ಯಾಕೆ ಮುಚ್ಚಿಟ್ರಿ?"

ಸಾಹೇಬರು ತೀರಾ ಸಣ್ಣ ದನಿಯಲ್ಲಿ, "ಬಟ್ಟೆ ಮುಗೀತು ಅಂತ ದರ್ಜಿ ಹೇಳಿದ" ಎಂದರು.

ಕೋಣೆಯಲ್ಲಿ ಉಳಿದವರಿಗೆ ಇದು ಅರ್ಥವಾಗಲಿಲ್ಲ. ಹೆಂಡತಿಗೆ ಅರ್ಥವಾಯಿತು. ಅವರ ಮುಖ ಕೆಂಪಾಯಿತು, ಬಿಳಿಯಾಯಿತು, ಮತ್ತೆ ಕೆಂಪಾಯಿತು. ಅಪರಾಧ ಬಯಲಾದವರು ತಲೆ ತಗ್ಗಿಸುವುದು ಲೋಕದ ಪದ್ಧತಿ. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಂದ್ರೆ ಎರಡು ತಿಂಗಳಿಂದ ಎಲ್ಲಾ ಗೊತ್ತಿದ್ದೂ ನನ್ನೆದುರಿಗೆ ದಿನಾ ಸಡಿಲ ಸಡಿಲ ಅಂತ ಸುಳ್ಳು ಹೇಳ್ಕೊಂಡು ಬಂದ್ರಾ?"

"ಮತ್ತೆ ನೀನು?"

"ನಂದು ಹೊಲಿಗೆ. ನಿಮ್ದು ಬಾಯಿ. ಎರಡೂ ಒಂದೇ ಆಗುತ್ತಾ?"

ಸಾಹೇಬರು ಟೇಪನ್ನು ಸುರುಳಿ ಸುತ್ತತೊಡಗಿದರು. ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು, ಹೊರಗೆ ಇನ್ನೂ ರೋಗಿಗಳಿದ್ದಾರೆಂದು ನೆನಪಿಸಿದರು. ಮನೆಗೆ ಬಂದ ಮೇಲೆ ಭಾವಮೈದುನ ಮಂಚವನ್ನು ವಾಪಸು ಒಯ್ಯುವ ಮೊದಲು ಅತ್ತೆಯವರನ್ನು ಒಮ್ಮೆ ಮಲಗಿಸಿ ತೋರಿಸಿದ. ಹಣ್ಣುಗಳನ್ನು ಟೀಚರ್ ಪಾಲು ಮಾಡಿದರು.

ಹೆಂಡತಿ ಮೂರು ದಿನ ಮಾತು ಬಿಟ್ಟರು. ಈ ಮೂರು ದಿನದಲ್ಲಿ ಸಾಹೇಬರ ಮೂರೂ ಪ್ಯಾಂಟು ದರ್ಜಿಯ ಹತ್ತಿರ ಹೋಗಿ, ಎರಡಿಂಚು ಹಿಡಿಸಿಕೊಂಡು, ಹೊಸದಾಗಿ ಇಸ್ತ್ರಿಯಾಗಿ ಬಂದು ಕುರ್ಚಿಯ ಮೇಲೆ ಕೂತವು. ಯಾರು ಕೊಟ್ಟರು, ಯಾರು ತಂದರು ಎಂದು ಸಾಹೇಬರು ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಐದೂವರೆಗೆ ಸಾಹೇಬರು ಚಪ್ಪಲಿ ಮೆಟ್ಟುತ್ತಿದ್ದಾಗ ಪಕ್ಕದಲ್ಲಿ ಇನ್ನೊಂದು ಜೊತೆ ಕಾಲು ಬಂದು ನಿಂತಿತು. ಹೆಂಡತಿ ಶಾಲು ಹೊದ್ದಿದ್ದರು.

"ನೀವೊಬ್ರೇ ಹೋದ್ರೆ ಎಲ್ಲಿಗೆ ಹೋಗ್ತೀರೋ, ಬಂದು ಏನು ಹೇಳ್ತೀರೋ. ನಾನೂ ಬರ್ತೀನಿ."

ಕೆರೆಯ ಮೇಲೆ ಮಂಜು ಆ ದಿನ ಇನ್ನೂ ದಟ್ಟವಾಗಿತ್ತು. ಇಬ್ಬರೂ ಜೊತೆಯಾಗಿ ನಡೆದರು. ಎಲ್ಲೋ ನೀರುಹಕ್ಕಿಯೊಂದು ಕೂಗಿ ಸುಮ್ಮನಾಯಿತು. ದಂಡೆಯ ಹುಲ್ಲಿನ ಹನಿ ಹೆಂಡತಿಯ ಸೆರಗಿನ ಅಂಚನ್ನು ನೆನೆಸಿತು. ಹಳೆಯ ತೂಬಿನ ಹತ್ತಿರ ಬರುವ ಹೊತ್ತಿಗೆ ಅವರ ಉಸಿರು ಮೇಲಕ್ಕೆ ಕೆಳಕ್ಕೆ ಆಗತೊಡಗಿತು. ಕಲ್ಲಿನ ಬೆಂಚಿನ ಮೇಲೆ ಕುಸಿದು ಕೂತು, ಮಂಡಿ ಹಿಡಿದುಕೊಂಡು ಕೇಳಿದರು.

"ಎಷ್ಟು ಸುತ್ತಾಯ್ತು?"

ತೂಬಿನವರೆಗೆ ಬಂದರೆ ಸರಿಯಾಗಿ ಕಾಲು ಸುತ್ತು. ಸಾಹೇಬರಿಗೆ ಅದು ಹೆಜ್ಜೆಯ ಲೆಕ್ಕದಲ್ಲಿ ಗೊತ್ತಿತ್ತು. ಅವರು ಹೆಂಡತಿಯ ಮುಖ ನೋಡಿದರು. ಮೂಗಿನ ತುದಿ ಚಳಿಗೆ ಕೆಂಪಾಗಿತ್ತು, ಹಣೆಯ ಮೇಲಿನ ಕೂದಲಲ್ಲಿ ಮಂಜಿನ ಹನಿ ಕೂತಿತ್ತು.

"ಎರಡು" ಎಂದರು ಸಾಹೇಬರು.

ಹೆಂಡತಿ ಹಿಂದೆ ತಿರುಗಿ ತಾವು ಬಂದ ದಾರಿಯನ್ನು ನೋಡಿದರು. ಅಲ್ಲಿ ಮಂಜು ಬಿಟ್ಟು ಬೇರೇನೂ ಇರಲಿಲ್ಲ.

"ಎರಡೇನಾ? ನಂಗೆ ಮೂರು ಅನ್ನಿಸ್ತು" ಎಂದರು.

"ಮೂರೇ ಇರ್ಬೇಕು. ನಂಗೇ ಲೆಕ್ಕ ತಪ್ಪಿತು" ಎಂದು ಸಾಹೇಬರು ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು.